ಬಾಲ್ಕನಿಯ ಕರಿ ದೂಳು ಟೈರಿನದೇ?

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕ ನಮ್ಮ ಮನೆ. ಬಾಲ್ಕನಿಯನ್ನು ದಿನವೂ ಒರೆಸಿದರೂ ಬಟ್ಟೆಗೆ ಕಪ್ಪು ಪುಡಿ ಮೆತ್ತುತ್ತದೆ. ಅದರಲ್ಲಿ ಟೈರ್ ಸವೆದ ಕಣಗಳಿವೆಯೇ ಎಂದು ಮಗಳ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಬಣ್ಣವನ್ನು ನಂಬಿ ಕೆಟ್ಟವರೇ ಹೆಚ್ಚು. ಡೀಸೆಲ್ ಮಸಿ, ಡಾಂಬರಿನ ಚೂರು, ಸುಟ್ಟ ಎಲೆಯ ಕರಿ, ಬೂಷ್ಟಿನ ಬೀಜಕ ಎಲ್ಲಕ್ಕೂ ನಿಮ್ಮ ಬಾಲ್ಕನಿಗೆ ದಾರಿ ಗೊತ್ತು.

ಒರೆಸಿದ ಬಟ್ಟೆಯಿಂದ ಮಾದರಿ ತೆಗೆಯಬೇಡಿ, ಅದರ ನೂಲೇ ತುಂಬಿರುತ್ತದೆ. ಗಾಜಿನ ಸ್ಲೈಡೊಂದನ್ನು ಎರಡು ದಿನ ಕಟ್ಟೆಯ ಮೇಲಿಡಿ. ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪಿಗೆ ಬೆಳಕು ಬರುವುದು ಕೆಳಗಿನಿಂದ. ಟೈರಿನ ಕಣದಲ್ಲಿ ಬೆಳಕು ಹಾಯದು. ಕಾಣುವುದು ಬರೀ ನೆರಳು. ಪಕ್ಕದಿಂದ ಟಾರ್ಚ್ ಹಿಡಿಯಿರಿ. 40 ಪಟ್ಟು ಹಿಗ್ಗಿದರೆ ಸಾಕು.

ಹುಡುಕಬೇಕಾದದ್ದು ಅಂಗೈಯಲ್ಲಿ ಹೊಸೆದಂತೆ ನೀಳವಾದ, ತುದಿ ಸಣ್ಣಗಾದ ಕಣವನ್ನು. ರಸ್ತೆಗೂ ಟೈರಿಗೂ ನಡುವೆ ಸಿಕ್ಕ ರಬ್ಬರು ಬಿಸಿಯಾಗಿ ಉರುಳುತ್ತ, ಎಳ್ಳಿನಲ್ಲಿ ಹೊರಳಿದ ಉಂಡೆಯಂತೆ, ಕಲ್ಲಿನ ಪುಡಿಯನ್ನು ಮೈಗೆ ಮೆತ್ತಿಕೊಳ್ಳುತ್ತದೆ. ಹೋಲಿಕೆಗೆಂದು ಹಳೆಯ ಟೈರನ್ನು ಅರದಿಂದ ಉಜ್ಜಬೇಡಿ. ಆ ಪುಡಿಗೆ ಈ ಆಕಾರವೂ ಇರದು, ಕಲ್ಲಿನ ಲೇಪವೂ ಇರದು.

ಇನ್ನು ಸೂಜಿ ಪರೀಕ್ಷೆ, ನನ್ನ ಅಚ್ಚುಮೆಚ್ಚಿನದು. ಒತ್ತಿ ಬಿಟ್ಟರೆ ರಬ್ಬರು ಪುಟಿದು ಮೊದಲಿನಂತಾಗುತ್ತದೆ. ಮಸಿ ಹುಡಿಯಾಗುತ್ತದೆ. ಸುಟ್ಟ ಎಲೆಯ ಕರಿ ಪಟ್ಟನೆ ಮುರಿದು ಸಸ್ಯಕೋಶದ ಜಾಲರಿಯನ್ನು ತೋರಿಸುತ್ತದೆ. ಡಾಂಬರಿನ ಬಗ್ಗೆ ಅನುಮಾನ ಉಳಿದರೆ ಪ್ರಯೋಗಾಲಯದ ಮೇಲ್ವಿಚಾರಕರಿಂದ ಟಾಲ್ವೀನ್ ಎಂಬ ದ್ರಾವಕದ ಒಂದು ಹನಿ ಹಾಕಿಸಿ: ಡಾಂಬರು ಕಂದು ಬಣ್ಣ ಬಿಟ್ಟು ಕರಗುತ್ತದೆ, ರಬ್ಬರು ಊದಿಕೊಳ್ಳುತ್ತದೆಯೇ ಹೊರತು ಕರಗದು.

ಸೂಜಿಗೂ ಸಿಗದಷ್ಟು ಸಣ್ಣ ಕಣಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಅದರ ಎಕ್ಸ್-ರೇ ವಿಶ್ಲೇಷಣೆಯಲ್ಲಿ ಗಂಧಕ, ಸತು ಎರಡೂ ಒಂದೇ ಕಣದಲ್ಲಿ ಸಿಕ್ಕರೆ ಅದು ಟೈರ್ ಎನ್ನಲು ಬಲ ಬರುತ್ತದೆ; ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವವು ಇವೇ. (ದೂಳನ್ನು ಸತುವಿನ ಕ್ಲೋರೈಡ್ ದ್ರಾವಣದಲ್ಲಿ ತೇಲಿಸಿ ಬೇರ್ಪಡಿಸಿ, ಆಮೇಲೆ ಸತು ಸಿಕ್ಕಿತೆಂದು ಹಿಗ್ಗುವುದು ಬೇಡ!) ಪ್ಲಾಸ್ಟಿಕ್ ಕಣಗಳಿಗೆ ನೆಚ್ಚುವ ಇನ್‌ಫ್ರಾರೆಡ್ ವಿಧಾನ ಇಲ್ಲಿ ಸೋಲುತ್ತದೆ. ಟೈರಿನಲ್ಲಿರುವ ಕಾರ್ಬನ್ ಬ್ಲ್ಯಾಕ್ ಎಂಬ ಇಂಗಾಲದ ಕರಿ ಪುಡಿ ಆ ಕಿರಣಗಳನ್ನು ನುಂಗಿಬಿಡುತ್ತದೆ.

ನಿಮ್ಮದು ಎಷ್ಟನೆಯ ಮಹಡಿ ಎಂದು ಬರೆದಿಲ್ಲ. ದಪ್ಪ ಕಣಗಳು ಹೆಚ್ಚಾಗಿ ರಸ್ತೆಯಂಚಿನಲ್ಲೇ ಬಿದ್ದು ಮಳೆಯೊಡನೆ ಚರಂಡಿ ಸೇರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಹರಿಯುವ ಮಳೆನೀರಿನಲ್ಲಿ ಸಿಕ್ಕ ಸೂಕ್ಷ್ಮ ಕಣಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಕರಿ ರಬ್ಬರಿನಂಥವು ಎಂದು 2019ರಲ್ಲಿ ವರದಿಯಾಗಿತ್ತು. ಆದ್ದರಿಂದ ಮೊದಲು ಗೇಟಿನ ಮುಂದಿನ ಚರಂಡಿಯಂಚಿನ ಚಿಟಿಕೆ ದೂಳಿನಲ್ಲಿ ಹುಡುಕಿ, ಕಣ್ಣು ಪಳಗಲಿ. ಬಾಲ್ಕನಿಯ ಸ್ಲೈಡನ್ನು ಆಮೇಲೆ ನೋಡಿ.