ಕೈಗಡ ತೀರಿಸದ ವಕೀಲರ ಸನ್ನದು ರದ್ದಾಗುತ್ತದೆಯೇ?

ಕಲಬುರಗಿಯ ಪರಿಚಯದ ವಕೀಲರು ಎರಡು ಲಕ್ಷ ಕೈಗಡ ತಗೊಂಡು ಎರಡೂವರೆ ವರ್ಷ ಆಯ್ತು, ಕೇಳಿದರೆ ನಿಮ್ಮ ಮೇಲೇ ಕೇಸ್ ಹಾಕ್ತೀನಿ ಅಂತಾರೆ, ವಕೀಲರ ಪರಿಷತ್ತಿಗೆ ದೂರು ಕೊಟ್ಟರೆ ರೊಕ್ಕ ಬರುತ್ತದೆಯೇ ಎಂದು ಕೇಳಿದ್ದೀರಿ.

ಬರುವುದಿಲ್ಲ. ಪರಿಷತ್ತು ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆದು ಸನ್ನದು ರದ್ದು ಮಾಡಬಹುದು. ಸಾಲ ವಸೂಲಿಗೆ ಸಿವಿಲ್ ದಾವೆಯೇ ಬೇಕು. ಹಾಗಾಗಿ ಮೊದಲು ದಿನ ಎಣಿಸಿ. ಗಡುವು ಗೊತ್ತು ಮಾಡದ ಕೈಗಡಕ್ಕೆ, ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ನೀವು ವಾಪಸ್ ಕೇಳಿದ ದಿನದಿಂದ ಲೆಕ್ಕವಲ್ಲ. ನಿಮಗೆ ಉಳಿದಿರುವುದು ಆರೇ ತಿಂಗಳು. ಪರಿಷತ್ತಿನಲ್ಲಿ ದೂರು ಬಾಕಿ ಇದೆ ಎಂದು ಈ ಗಡುವು ನಿಲ್ಲುವುದಿಲ್ಲ. ಕಾಯುತ್ತ ಕೂತು ಗಡುವು ದಾಟಿಸಿಕೊಳ್ಳಬೇಡಿ.

ವಾಟ್ಸಾಪ್‌ನಲ್ಲಿ ‘ಮುಂದಿನ ತಿಂಗಳು ಕೊಡ್ತೀನಿ’ ಎಂದಿದ್ದರೆ ಅದು ಒಳ್ಳೆಯ ಸಾಕ್ಷಿ. ಆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಪ್ರಿಂಟ್ ಜೊತೆ, ಅದು ಆ ಫೋನಿನಿಂದಲೇ ತೆಗೆದದ್ದು ಎಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆದರೆ ಆ ಮೆಸೇಜೊಂದನ್ನೇ ನಂಬಿ ಗಡುವು ಮುಂದೆ ಹೋಯಿತು ಅಂದುಕೊಳ್ಳಬೇಡಿ. ಹೊಸದಾಗಿ 3 ವರ್ಷ ಸಿಗಬೇಕಾದರೆ ‘ಇಷ್ಟು ಕೊಡಬೇಕಾಗಿದೆ’ ಎಂದು ಅವರು ಸಹಿ ಹಾಕಿದ ಬರಹ, ಹಳೆಯ ಗಡುವು ಮುಗಿಯುವ ಮುಂಚೆಯೇ ಕೈಗೆ ಬರಬೇಕು. ಚೆಕ್ ಕೊಟ್ಟಿದ್ದರೆ ಅದರ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದ ಮೆಮೊ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ 15 ದಿನ ಕಾಯುವುದು, ನಂತರ ಒಂದು ತಿಂಗಳಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕೋರ್ಟಿಗೆ ಚೆಕ್ ಬೌನ್ಸ್ ದೂರು.

ಇನ್ನು ದುರ್ನಡತೆ. ವಕೀಲರ ಕಾಯ್ದೆ 1961ರ 35ನೇ ಕಲಮಿನಲ್ಲಿ ‘ವೃತ್ತಿ ಅಥವಾ ಇತರ ದುರ್ನಡತೆ’ ಎಂದೇ ಇದೆ. ಆದರೂ ಬರೀ ಕೈಗಡ ತೀರಿಸಲಿಲ್ಲ ಎಂಬ ದೂರು ನಿಲ್ಲುವುದು ಕಷ್ಟ. ಅವರು ನಿಮ್ಮದೇ ಕೇಸಿನ ವಕೀಲರಾಗಿದ್ದರೆ ಮಾತು ಪೂರ್ತಿ ಬೇರೆ. ಅಪಘಾತ ಪರಿಹಾರದ ಹಣವನ್ನು ನಿಮ್ಮ ಪರವಾಗಿ ಪಡೆದು ಇಟ್ಟುಕೊಂಡಿದ್ದು, ಕೈಯಲ್ಲಿರುವ ನಿಮ್ಮ ರೊಕ್ಕವನ್ನೇ ‘ಸಾಲ’ ಎಂದು ತಿರುಗಿಸಿದ್ದು, ಫೀಸ್ ಬಾಕಿ ಎಂದು ಫೈಲ್ ಹಿಡಿದಿಟ್ಟಿದ್ದು: ಇವು ನೇರ ದುರ್ನಡತೆ. ಫೈಲ್ ಹಿಡಿದಿಡುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅವರು ನಿಮ್ಮ ವಕೀಲರಾಗಿದ್ದರು ಎಂದು ತೋರಿಸಲು ವಕಾಲತ್ತು, ಫೀಸ್ ರಸೀದಿ ಹುಡುಕಿ ತೆಗೆದಿಡಿ.

ದೂರು ಹೋಗಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಊರಿನ ವಕೀಲರ ಸಂಘಕ್ಕೆ ಶಿಕ್ಷಿಸುವ ಅಧಿಕಾರವಿಲ್ಲ. ಕನ್ನಡದಲ್ಲೇ ಬರೆಯಬಹುದು, ಸಹಿ, ಬರೆದದ್ದೆಲ್ಲ ನಿಜ ಎಂಬ ಸತ್ಯಾಪನೆ, ನಿಗದಿತ ಶುಲ್ಕ ಇರಲಿ. ‘ಮೋಸಗಾರ’ ಎಂದು ಬರೆಯಬೇಡಿ. ಯಾವ ತಾರೀಖು, ಎಷ್ಟು ರೊಕ್ಕ, ಯಾವ ಖಾತೆಯಿಂದ, ಕೇಸ್ ಹಾಕುವ ಬೆದರಿಕೆಯಲ್ಲಿ ಅವರು ಬಳಸಿದ ಮಾತೇನು, ಅಷ್ಟು ಸಾಕು. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ.

ಅದೇ ಕೋರ್ಟಿನ ವಕೀಲರು ಸಹೋದ್ಯೋಗಿಯ ವಿರುದ್ಧ ನಿಲ್ಲಲು ಹಿಂಜರಿದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ.