ಕೊರ್ನೇಲ್ಯನ ಹೆಸರು ಯಾಕೆ?

ಜರ್ಮನಿಯಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ನಮ್ಮ ಪಕ್ಕದ ಮನೆಯವರು ಇಲ್ಲಿನ ಸೈನ್ಯದಲ್ಲಿದ್ದಾರೆ. ಕೊರ್ನೇಲಿಯುಸ್ ಫೆರೈನಿಗುಂಗ್ ಎಂಬ ಕ್ರೈಸ್ತ ಸೈನಿಕರ ಸಂಘದ ಸದಸ್ಯರು. ಕೊರ್ನೇಲ್ಯ ಅಂದರೆ ಯೆಹೂದ್ಯರ ನಾಡನ್ನು ಆಳುತ್ತಿದ್ದ ರೋಮಿನ ಸೈನ್ಯಾಧಿಕಾರಿ. ಶತ್ರುವನ್ನು ಪ್ರೀತಿಸಿ ಎಂದ ಯೇಸುವನ್ನು ನಂಬುವವರಿಗೆ ಇವನ ಹೆಸರೇ ಬೇಕಿತ್ತೇ?"

ಒಳ್ಳೆಯ ಪ್ರಶ್ನೆ. ನನ್ನನ್ನೂ ಬಹಳ ದಿನ ಕಾಡಿದ್ದು ಇದೇ.

ಮೊದಲು ಸಂಘದ ಮಾತು. ಜರ್ಮನಿಯ ಈಗಿನ ಸೈನ್ಯ ಕಟ್ಟಿದ್ದು 1955ರಲ್ಲಿ. ಅಲ್ಲಿ ಪಾದ್ರಿಗಳ ಸೇವೆಗೆ ಸರ್ಕಾರಿ ವ್ಯವಸ್ಥೆ ಬೇರೆಯೇ ಇದೆ. ಪ್ರೊಟೆಸ್ಟೆಂಟ್ ಸಭೆಯ ಜೊತೆ 1957ರಲ್ಲಿ ಒಪ್ಪಂದವೂ ಆಯಿತು. ನಿಮ್ಮ ನೆರೆಯವರದು ಸೈನಿಕರು ತಾವಾಗಿ ಸೇರುವ ಸಂಘ.

ಇನ್ನು ಹೆಸರಿನ ಮಾತು. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 10ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕೊರ್ನೇಲ್ಯ ಕೈಸರೈಯದಲ್ಲಿದ್ದ ಶತಾಧಿಪತಿ. ಹೆಸರಿಗೆ ನೂರು ಜನರ ನಾಯಕ, ನಿಜದಲ್ಲಿ ಅಂಥವರ ಕೈಕೆಳಗೆ ಸುಮಾರು 80 ಜನ ಇರುತ್ತಿದ್ದರು. ಅವನು ಗೆದ್ದ ಒಂದು ಯುದ್ಧವೂ ಈ ಕಥೆಯಲ್ಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದ, ಬಡವರಿಗೆ ಕೊಡುತ್ತಿದ್ದ, ಅಷ್ಟೇ. ಯೇಸುವಿನ ಶಿಷ್ಯ ಪೇತ್ರನನ್ನು ಕರೆಸು ಎಂದು ದೇವದೂತ ಹೇಳಿದಾಗ ಇಬ್ಬರು ಆಳುಗಳ ಜೊತೆ ಒಬ್ಬ ಸಿಪಾಯಿಯನ್ನೂ ಕಳಿಸುತ್ತಾನೆ. ಆ ಸಿಪಾಯಿಯೂ ದೈವಭಕ್ತನೇ. ಕಂಡದ್ದನ್ನೆಲ್ಲ ಈ ಮೂವರ ಮುಂದೆ ಬಿಚ್ಚಿ ಹೇಳುತ್ತಾನೆ. ಅಧಿಕಾರಿಯೊಬ್ಬ ತನ್ನ ಕೈಕೆಳಗಿನ ಸಿಪಾಯಿಗೆ ಮನಸ್ಸಿನ ಮಾತು ಹೇಳುವುದು ಸಣ್ಣ ವಿಷಯ ಅಲ್ಲ ಅಲ್ವಾ? ಸೈನಿಕರ ಸಂಘಕ್ಕೆ ಈ ಹೆಸರು ಯಾಕೆ ಒಪ್ಪುತ್ತದೆ ಎಂದು ನನಗೆ ಹೊಳೆದದ್ದು ಈ ಸಾಲಿನಲ್ಲಿ.

ಅತ್ತ ಯೊಪ್ಪದಲ್ಲಿ ಪೇತ್ರ ಉಳಿದಿದ್ದದ್ದು ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ. ಮಡಿ ಮೈಲಿಗೆ ಕಂಡ ನಮಗೆ ಇದರ ತೂಕ ಬೇಗ ತಿಳಿಯುತ್ತದೆ. ಯೆಹೂದ್ಯನಾದವನು ಅನ್ಯಜನರ ಮನೆಗೆ ಕಾಲಿಡಬಾರದು ಎಂಬ ಕಟ್ಟಳೆ ಅವನಿಗೂ ಇತ್ತು. ಆದರೂ ಹೋದ. ಕಾಲಿಗೆ ಬಿದ್ದ ಕೊರ್ನೇಲ್ಯನನ್ನು "ಏಳು, ನಾನೂ ಮನುಷ್ಯನೇ" ಎಂದು ಎಬ್ಬಿಸಿದ. ಆಳುವವರ ಕಡೆಯ ಅಧಿಕಾರಿ, ಗಲಿಲಾಯದ ಬೆಸ್ತನ ಕಾಲಿಗೆ ಬಿದ್ದದ್ದು!

ನಿಮ್ಮ ಅಳುಕು ಸುಮ್ನೆ ಹುಟ್ಟಿದ್ದಲ್ಲ. ಪೇತ್ರನ ಮಾತು ಕೇಳಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಮೇಲೆ ಕೊರ್ನೇಲ್ಯ ಪಟಾಲಂ ಬಿಟ್ಟನೋ ಇಲ್ಲವೋ, ಬೈಬಲ್ ಹೇಳುವುದಿಲ್ಲ. ಈ ಮೌನವನ್ನು ಯುದ್ಧಕ್ಕೆ ಒಪ್ಪಿಗೆ ಎಂದು ಯಾರಾದರೂ ಓದಿದರೆ ನಾನು ಒಪ್ಪುವುದಿಲ್ಲ. 3ನೇ ಶತಮಾನದ ಮೊದಲಲ್ಲೇ ತೆರ್ತುಲ್ಲಿಯನ್ ಎಂಬ ಕ್ರೈಸ್ತ ಲೇಖಕ ಕ್ರೈಸ್ತನಿಗೆ ಸೈನ್ಯದ ಕೆಲಸ ಸಲ್ಲದು ಎಂದು ಬರೆದಿದ್ದ. ಆ ವಾದ ಇನ್ನೂ ಮುಗಿದಿಲ್ಲ. ನಿಮ್ಮ ನೆರೆಯವರನ್ನೇ ಕೇಳಿ ನೋಡಿ. ಅವರೂ ಇದನ್ನು ನಿಮಗಿಂತ ಜಾಸ್ತಿಯೇ ಯೋಚಿಸಿರಬಹುದು.

11ನೇ ಅಧ್ಯಾಯವನ್ನೂ ಬಿಡಬೇಡಿ. ಕೆಲವು ದಿನ ತಮ್ಮ ಜೊತೆ ಉಳಿಯಬೇಕೆಂದು ಕೊರ್ನೇಲ್ಯನ ಮನೆಯವರು ಪೇತ್ರನನ್ನು ಬೇಡಿಕೊಂಡರು ಎಂದು 10ನೇ ಅಧ್ಯಾಯ ಮುಗಿಯುತ್ತದೆ. ಮುಂದೆ ಪೇತ್ರ ಯೆರೂಸಲೇಮಿಗೆ ಮರಳಿದಾಗ ಅವನ ಸ್ವಂತ ಜನ, ಅಂದರೆ ಯೇಸುವನ್ನು ನಂಬಿದ ಯೆಹೂದ್ಯರು, ತಕರಾರು ತೆಗೆದರು. ಸೈನ್ಯದವನಿಗೆ ದೀಕ್ಷಾಸ್ನಾನ ಯಾಕೆ ಎಂದು ಯಾರೂ ಕೇಳಲಿಲ್ಲ. ಅನ್ಯಜನರ ಮನೆಗೆ ಹೋಗಿ ಜೊತೆಗೆ ಕೂತು ಊಟ ಮಾಡಿದೆಯಲ್ಲ ಎಂದು ಕೇಳಿದರು.

— ಸಂಪಾದಕ