ಅರಮನೆ ದೀಪ, ಆಮೇಲೆ ಊಟ

ಪ್ರಶ್ನೆ: ಮದುವೆ ವಾರ್ಷಿಕೋತ್ಸವಕ್ಕೆ ಮೈಸೂರಿನಲ್ಲಿ ಒಂದು ರಾತ್ರಿ ತಂಗಿ, ಅರಮನೆ ದೀಪಾಲಂಕಾರ ನೋಡಿ, ರಾಜವೈಭವದ ಜಾಗದಲ್ಲಿ ಊಟ ಮಾಡುವಾಸೆ. ಲಲಿತ ಮಹಲ್ ಅನುಕೂಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಶನಿವಾರ ಬೇಡ, ಭಾನುವಾರ ರಾತ್ರಿಗೇ ರೂಮು ಹಿಡಿಯಿರಿ. ಪೂರ್ತಿ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಗಳಂದು, ಸಂಜೆ 7ರ ಸುಮಾರಿಗೆ. ಹೆಚ್ಚು ಹೊತ್ತು ಉರಿಯುವುದಿಲ್ಲ. ಶನಿವಾರ ತಂಗಿ ಮರುದಿನ ಮಧ್ಯಾಹ್ನವೇ ರೂಮು ಖಾಲಿ ಮಾಡುವವರಿಗೆ ತಪ್ಪಿಹೋಗುವುದು ಇದೇ.

ವೈಸ್‌ರಾಯ್‌ಗಾಗಿ 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ, ಈಗ ಹೋಟೆಲ್ ಆಗಿರುವ ಲಲಿತ ಮಹಲ್‌ನಲ್ಲಿ ಹಳೆಯ ನೃತ್ಯಶಾಲೆಯೇ ಊಟದ ಹಾಲ್. ನೆತ್ತಿಯ ಮೇಲೆ ಬಣ್ಣದ ಗಾಜಿನ ಗುಮ್ಮಟ; ಊಟಕ್ಕಿಂತ ಅದೇ ಚೆಂದ ಅನ್ನುವವರೂ ಉಂಟು. ಆದರೆ ಅರಮನೆಯಿಂದ ಐದಾರು ಕಿ.ಮೀ. ದೂರ, ನಡೆದು ಹೋಗುವ ಮಾತಿಲ್ಲ. ದೀಪ ಆರಿದೊಡನೆ ಜನವೆಲ್ಲ ಒಟ್ಟಿಗೆ ಹೊರಬಿದ್ದು ಆಟೊ ಸಿಗುವುದು ಕಷ್ಟ. ಟೇಬಲ್ಲನ್ನು 8.30ಕ್ಕೆ ಹೇಳಿಡಿ. ಹತ್ತಿರವೇ ಬೇಕೆಂದರೆ ರೈಲು ನಿಲ್ದಾಣದ ಕಡೆಯ, 1920ರ ಮೆಟ್ರೋಪೋಲ್ ಹೋಟೆಲ್ ನೋಡಿ. ದಸರಾ ವೇಳೆ ಬೇಡ. ಜಂಬೂಸವಾರಿಯಂದು ಅರಮನೆ ಸುತ್ತ ವಾಹನ ಬಿಡುವುದಿಲ್ಲ.